ಒಂಬತ್ತು, ಹತ್ತರ ಶುಲ್ಕ ರದ್ದು ಮಾಡಿ, ಶಾಲೆಗೆ ಹಣವನ್ನೂ ಕೊಡಿ: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಂದ ಯಾವ ಹೆಸರಿನಲ್ಲೂ ಒಂದು ರೂಪಾಯಿ ಪಡೆಯಬಾರದೆಂದು ಆದೇಶ ಹೊರಡಿಸಿ. ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕವೂ ಅದರಲ್ಲಿ ಸೇರಲಿ. ಅದರಿಂದ ಶಾಲೆಗಾಗುವ ಕೊರತೆಯನ್ನು ಅದೇ ಆದೇಶದಲ್ಲಿ ತುಂಬಿಕೊಡಿ. ಪ್ರೌಢಶಾಲಾ ಶಿಕ್ಷಕರಾದ ನಮ್ಮ ಬೇಡಿಕೆ ಇಷ್ಟೇ.

ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಗೆ ನಿಲ್ಲುತ್ತದೆ ಎಂದು ತಮಗೆ ಹೇಳಿಕೊಡಬೇಕಿಲ್ಲ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಗೆರೆ ಇಂದಿಗೂ ಅಲ್ಲೇ ಇದೆ. ಬಿಸಿಯೂಟ ಹತ್ತರವರೆಗೂ ಉಚಿತ, ಪಠ್ಯಪುಸ್ತಕವೂ ಉಚಿತ. ಆದರೆ ಕ್ರೀಡೆ, ವಾಚನಾಲಯ, ಪ್ರಯೋಗಾಲಯ, ವಿದ್ಯಾರ್ಥಿ ಕಲ್ಯಾಣ ನಿಧಿ, ಶಿಕ್ಷಕರ ಕಲ್ಯಾಣ ನಿಧಿ ಎಂದು ರಸೀದಿ ಹರಿಯುವುದು ತಪ್ಪಿಲ್ಲ. ಬಿಡಿಬಿಡಿಯಾಗಿ ಚಿಲ್ಲರೆ ಹಣವೇ. ಅದು ಬಂದು ಬೀಳುವುದು ಮಾತ್ರ ಜೂನ್‌ನಲ್ಲಿ, ಮನೆಯಲ್ಲಿ ಬಿತ್ತನೆ ಬೀಜಕ್ಕೂ ಗೊಬ್ಬರಕ್ಕೂ ಸಾಲ ಹುಡುಕುವ ಹೊತ್ತಿಗೆ. ಪಾಠ ಮಾಡಬೇಕಾದ ಕ್ಲಾಸ್ ಟೀಚರ್ ಬಾಕಿದಾರರ ಪಟ್ಟಿ ಓದಬೇಕು. ಎಲ್ಲರೆದುರು ಹೆಸರು ಕರೆಸಿಕೊಂಡ ಮಗು ಮರುದಿನ ಬರುವುದಿಲ್ಲ. ನಾಲ್ಕು ದಿನ ತಪ್ಪಿಸಿ ಕೂಲಿಗೆ ಹೋದ ಹುಡುಗನನ್ನು ಮತ್ತೆ ಬೆಂಚಿಗೆ ತರುವುದು ಎಷ್ಟು ಕಷ್ಟವೆಂದು ಮನೆ ಮನೆ ಅಲೆಯುವ ಮೇಷ್ಟ್ರಿಗೆ ಗೊತ್ತು.

ಪರೀಕ್ಷಾ ಶುಲ್ಕ ಇನ್ನೂ ಕಠಿಣ. 676 ರೂಪಾಯಿ ಇದ್ದದ್ದು 710 ಆಯಿತು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ವಿನಾಯಿತಿ ಉಂಟು, ಆದರೆ ಜಾತಿ ಪ್ರಮಾಣಪತ್ರ ಕೈಗೆ ಬಂದಿರಬೇಕು. ಶಾಲಾ ದಾಖಲೆಯಲ್ಲಿ ತಂದೆಯ ಹೆಸರು ಒಂದು ತರಹ, ಆಧಾರ್‌ನಲ್ಲಿ ಇನ್ನೊಂದು ತರಹ ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ನಿಂತುಬಿಡುತ್ತದೆ. ಇತ್ತ ಚಲನ್ ಕಟ್ಟುವ ಕೊನೆಯ ದಿನ ದಾಟಿದರೆ ದಂಡ. ಆಗ ಹಣ ಹೋಗುವುದು ಮುಖ್ಯ ಶಿಕ್ಷಕರ ಜೇಬಿನಿಂದ. ಎಲ್ಲರಿಗೂ ಶುಲ್ಕ ತೆಗೆದುಬಿಟ್ಟರೆ ಈ ಕಾಗದಪತ್ರದ ಗೋಳೇ ಇರುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಇಲಾಖೆ ಏನು ಮಾಡಿತು, ನೆನಪಿದೆಯೇ? ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಹೊರಡಿಸಿತು. ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಹಿಂಪಡೆಯಿತು. ಸುತ್ತೋಲೆ ಹೋಯಿತು, ಅದು ಒಪ್ಪಿಕೊಂಡ ಕೊರತೆ ಹೋಗಲಿಲ್ಲ. 2024ರ ಪೂರ್ವಸಿದ್ಧತಾ ಪರೀಕ್ಷೆಗೆ ಉತ್ತರ ಪತ್ರಿಕೆಯನ್ನು ಮಕ್ಕಳೇ ಮನೆಯಿಂದ ತರಬೇಕೆಂದದ್ದೂ ಇದೇ ಕೊರತೆಯ ಫಲ. ಪರೀಕ್ಷೆ ಬರೆಯುವ ಹಾಳೆಯನ್ನೂ ಕೊಡಲಾಗದ ಸರ್ಕಾರ ಎನ್ನಿಸಿಕೊಳ್ಳಬೇಕೇ ಸ್ವಾಮಿ?

ಶುಲ್ಕ ರದ್ದೆಂದು ಘೋಷಿಸಿ ಕೈತೊಳೆದುಕೊಂಡರೆ ಆಗುವುದೂ ಅದೇ. ಕೇಂದ್ರ, ರಾಜ್ಯ ಸೇರಿ ಹಣ ಕೊಡುವ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ ನೋಡಿ: 31ರಿಂದ 100 ಮಕ್ಕಳಿಗೆ 25,000 ರೂಪಾಯಿ, 101ರಿಂದ 250ಕ್ಕೆ 50,000, ಅಲ್ಲಿಂದ 1000ದವರೆಗೆ 75,000. ಅದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೆ ಮೀಸಲು. 101 ಮಕ್ಕಳ ಶಾಲೆಗೆ ತಲೆಗೆ ಸುಮಾರು 495 ರೂಪಾಯಿ ಸಿಕ್ಕರೆ 250 ಮಕ್ಕಳ ಶಾಲೆಗೆ 200 ಮಾತ್ರ. ಸೀಮೆಸುಣ್ಣ, ಹಾಜರಿ ಪುಸ್ತಕ, ಪ್ರಿಂಟರ್ ಟೋನರ್, ಪ್ರಯೋಗಾಲಯದ ಆಮ್ಲ, ಶೌಚಾಲಯದ ಫಿನಾಯಿಲ್, ಒಡೆದ ನಲ್ಲಿ, ಎಲ್ಲವೂ ಇದರಲ್ಲೇ. ಹಣ ತಡವಾದರೆ ಅಂಗಡಿಯವನ ಬಳಿ ಶಾಲೆಯ ಹೆಸರಿನಲ್ಲಿ ಸಾಲ.

ಆದ್ದರಿಂದ ಹಂತದ ಲೆಕ್ಕ ಬಿಡಿ, ಮಕ್ಕಳ ತಲೆ ಲೆಕ್ಕದಲ್ಲಿ ಕೊಡಿ. ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲತಾಣ ಸ್ಯಾಟ್ಸ್‌ನಲ್ಲಿ ಪ್ರತಿ ಮಗುವಿನ ದಾಖಲೆ ನಿಮ್ಮ ಬಳಿಯೇ ಇದೆ. ಚಿಕ್ಕ ಶಾಲೆಗೆ ಒಂದು ಕನಿಷ್ಠ ಮೊತ್ತವಿರಲಿ. ಮೇ ತಿಂಗಳಲ್ಲೇ, ಶಾಲೆ ತೆರೆಯುವ ಮೊದಲು, ಹಣ ಶಾಲೆಯ ಖಾತೆಗೆ ಬರಲಿ. ಪರೀಕ್ಷಾ ಶುಲ್ಕವನ್ನು ಸರ್ಕಾರ ನೇರವಾಗಿ ಪರೀಕ್ಷಾ ಮಂಡಳಿಗೆ ಕಟ್ಟಲಿ. ನಡುವೆ ಮುಖ್ಯ ಶಿಕ್ಷಕರೂ ಬೇಡ, ಚಲನ್ನೂ ಬೇಡ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತವೆಂದು ಘೋಷಿಸಿದ್ದು ಇದೇ ಸರ್ಕಾರ. ಅದು ಆಗುವುದಾದರೆ ಇದೂ ಆಗುತ್ತದೆ.

ಒಂಬತ್ತು, ಹತ್ತರ ಶುಲ್ಕ ರದ್ದು ಮಾಡಿ. ಅದರ ಬದಲಿ ಹಣವನ್ನು ಲಿಖಿತ ಆದೇಶದಲ್ಲಿ ಕೊಡಿ. ಮುಂದಿನ ದಾಖಲಾತಿ ಶುರುವಾಗುವ ಮೊದಲೇ ಕೊಡಿ.

ಇಂತಿ,
ಸರ್ಕಾರಿ ಪ್ರೌಢಶಾಲಾ ಶಿಕ್ಷಕರು