ಭಾನುವಾರದ ಚರ್ಚೆ: ಚಾರ್ಲಿ ಮಾಮ ಕೊಂದದ್ದು ಯಾಕೆ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಹಿಚ್‌ಕಾಕ್‌ನ ‘ಶ್ಯಾಡೋ ಆಫ್ ಎ ಡೌಟ್’ (1943) ಬಗ್ಗೆ ಮಾತಾಡೋಣ. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟು ಬಯಲಾಗುತ್ತದೆ.

ದುಡ್ಡಿರುವ ವಿಧವೆಯರನ್ನು ನಂಬಿಸಿ ಕೊಲ್ಲುವ ಚಾರ್ಲಿ, ಸಾಂತಾ ರೋಸಾದ ಅಕ್ಕನ ಮನೆಗೆ ಬಂದು ಎಲ್ಲರ ಮೆಚ್ಚಿನ ಸೋದರಮಾವ ಆಗಿಬಿಡುತ್ತಾನೆ. ಹಣಕ್ಕಾಗಿ ಕೊಂದ ಅಂತ ಸುಮ್ನೆ ಹೇಳಿಬಿಡಬಹುದು. ಆದರೆ ಮೊದಲ ದೃಶ್ಯದಲ್ಲಿ ನೋಟುಗಳು ನೆಲದ ಮೇಲೆ ಬಿದ್ದಿವೆ, ಎತ್ತಿಡುವ ಮನಸ್ಸೂ ಅವನಿಗಿಲ್ಲ. ಒಳಗೆ ತುಂಬಿರುವುದು ಅಸಹ್ಯ. ಊಟದ ಹೊತ್ತಿನಲ್ಲಿ ಅದು ಹೊರಗೆ ಬರುತ್ತದೆ. ಆ ಹೆಂಗಸರೂ ಮನುಷ್ಯರಲ್ವಾ ಅಂತ ಅಕ್ಕನ ಮಗಳು ತಡೆದರೆ, ‘ಹೌದಾ?’ ಅನ್ನುತ್ತಾ ನೇರ ನಮ್ಮ ಕಡೆಗೇ ತಿರುಗುತ್ತಾನೆ. ನನಗೆ ಮೈ ಜುಮ್ಮೆಂದಿತು.

ಅವನನ್ನು ಕೆಡಿಸಿದ್ದು ಜಂಬ. ಸತ್ತವಳ ಉಂಗುರವನ್ನೇ ಆ ಹುಡುಗಿಗೆ ಉಡುಗೊರೆ ಕೊಡುತ್ತಾನೆ. ಒಳಗೆ ಬೇರೆ ಯಾರದೋ ಹೆಸರಿನ ಅಕ್ಷರ ಕಂಡಾಗ, ಅಂಗಡಿಯವನು ಟೋಪಿ ಹಾಕಿದ ಅನ್ನುತ್ತಾನೆ! ಎಷ್ಟು ಸಲೀಸಾದ ಸುಳ್ಳು ನೋಡಿ.

ಚಿಕ್ಕಂದಿನಲ್ಲಿ ಸೈಕಲ್‌ನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಬದಲಾದ ಅನ್ನುತ್ತಾಳೆ ಅಕ್ಕ. ನಾನಂತೂ ಅದನ್ನು ಒಪ್ಪುವುದಿಲ್ಲ. ಒಪ್ಪುವವರು ಭಾನುವಾರ ಜಗಳಕ್ಕೆ ಬನ್ನಿ. ಉಂಗುರದ ದೃಶ್ಯ ಇನ್ನೊಮ್ಮೆ ನೋಡಿಕೊಂಡು ಬಂದರೆ ಒಳ್ಳೆಯದು.