ಟಸ್ಕನಿಯಲ್ಲಿ ಕಾರು ಊರ ಹೊರಗೇ ನಿಲ್ಲಲಿ

ಮಾನ್ಯ ಸಂಪಾದಕರೇ,

ಮಕ್ಕಳು, ಹಿರಿಯರೊಂದಿಗೆ ಇಟಲಿಗೆ ಹೋಗಿ, ಬಾಡಿಗೆ ಕಾರಿನಲ್ಲಿ ಟಸ್ಕನಿ ಸುತ್ತಿ ಬರುವ ಕನ್ನಡ ಕುಟುಂಬಗಳು ಈಗ ಅಪರೂಪವಲ್ಲ. ಆದರೆ ಪ್ರವಾಸ ಪುರವಣಿಗಳ ಲೇಖನಗಳು ದ್ರಾಕ್ಷಿ ತೋಟ, ಸೈಪ್ರೆಸ್ ಮರಗಳ ಸಾಲು ವರ್ಣಿಸಿ ಮುಗಿದುಬಿಡುತ್ತವೆ. ದಂಡ ಎಲ್ಲಿ ಬೀಳುತ್ತದೆ, ಊಟ ಯಾಕೆ ತಪ್ಪುತ್ತದೆ ಎಂಬುದನ್ನೂ ದಯವಿಟ್ಟು ಅಚ್ಚು ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜೆಡ್‌ಟಿಎಲ್, ಅಂದರೆ ವಾಹನ ನಿರ್ಬಂಧಿತ ವಲಯ. ಸಿಯೆನಾ, ಸಾನ್ ಜಿಮಿನ್ಯಾನೊ, ಮೊಂಟೆಪುಲ್ಚಾನೊದಂಥ ಬೆಟ್ಟದ ಊರುಗಳ ಹಳೆಯ ಬೀದಿಗಳಿಗೆ ಪರವಾನಗಿ ಇಲ್ಲದ ವಾಹನ ಹೋಗುವಂತಿಲ್ಲ. ಅಲ್ಲಿ ಅಡ್ಡಗಟ್ಟುವ ಪೊಲೀಸರಿಲ್ಲ, ಬಹಳ ಕಡೆ ತಡೆಗೋಲೂ ಇಲ್ಲ. ಕೆಂಪು ಅಂಚಿನ ಬಿಳಿ ವೃತ್ತದ ಫಲಕ, ಅದರ ಪಕ್ಕದಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾ, ಅಷ್ಟೇ. ಎಲೆಕ್ಟ್ರಾನಿಕ್ ಫಲಕದಲ್ಲಿ ಕೆಂಪಕ್ಷರದಲ್ಲಿ 'ವಾರ್ಕೊ ಆತ್ತಿವೊ' ಎಂದಿದ್ದರೆ ನಿರ್ಬಂಧ ಜಾರಿಯಲ್ಲಿದೆ ಎಂದು ತಿಳಿಯಬೇಕು. ಇನ್ನೊಂದು ದಿನ ದಾರಿ ತಪ್ಪಿ ಅದೇ ವಲಯಕ್ಕೆ ಮತ್ತೆ ನುಗ್ಗಿದರೆ ಇನ್ನೊಂದು ದಂಡ. ಬಾಡಿಗೆ ಕಂಪನಿ ನಿಮ್ಮ ವಿಳಾಸವನ್ನು ನಗರಾಡಳಿತಕ್ಕೆ ಕೊಟ್ಟು, ಆ ಕೆಲಸಕ್ಕೆಂದು ನಿಮ್ಮ ಕಾರ್ಡಿನಿಂದ ಶುಲ್ಕ ಕಡಿದುಕೊಳ್ಳುತ್ತದೆ. ಅದೇ ದಂಡ ಎಂದುಕೊಂಡು ಸುಮ್ಮನಾಗಬೇಡಿ. ಅಸಲಿ ನೋಟಿಸ್ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಅದು ಕೈಸೇರಿದ 5 ದಿನಗಳೊಳಗೆ ಕಟ್ಟಿದರೆ ಶೇ 30ರಷ್ಟು ರಿಯಾಯಿತಿ ಉಂಟು.

ತಪ್ಪು ಆಗುವುದು ಮೊಬೈಲಿನ ನಕ್ಷೆಯಿಂದ. ಊರಿನ ಹೆಸರು ಹಾಕಿದರೆ ಅದು ನಡುಚೌಕಕ್ಕೇ ಕರೆದೊಯ್ಯುತ್ತದೆ. ಆದ್ದರಿಂದ ಊರಿನ ಬದಲು ಹಳೆಯ ಊರನ್ನು ಸುತ್ತುವರಿದ ಕೋಟೆಯ ಹೊರಗಿನ ಪಾರ್ಕಿಂಗ್ ಜಾಗದ ಹೆಸರು ಹಾಕಿ. ಸಿಯೆನಾದಲ್ಲಾದರೆ 'ಸಾಂತಾ ಕಾತೆರೀನಾ' ಪಾರ್ಕಿಂಗ್ ಹಿರಿಯರಿಗೆ ವರದಾನ. ಅಲ್ಲಿಂದ ಎಸ್ಕಲೇಟರ್‌ಗಳು ಬೆಟ್ಟದ ಮೇಲಕ್ಕೆ ಒಯ್ಯುತ್ತವೆ. ಹೋಟೆಲ್ ಕೋಟೆಯೊಳಗೇ ಇದ್ದರೆ ಕಾರಿನ ನಂಬರನ್ನು ಮೊದಲೇ ಕಳಿಸಿ, ನೋಂದಣಿ ಆಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಂಡ ಮೇಲೆ ಒಳಗೆ ಹೋಗಿ. ಪಾರ್ಕಿಂಗ್‌ನಲ್ಲಿ ನೀಲಿ ಗೆರೆ ಎಂದರೆ ಹಣ ಕಟ್ಟಬೇಕು, ಬಿಳಿ ಉಚಿತ, ಹಳದಿ ನಮಗಲ್ಲ. ಬಿಳಿ ಗೆರೆಯಲ್ಲೂ ಕೆಲವೆಡೆ ಸಮಯದ ಮಿತಿ ಇರುತ್ತದೆ. ಅಲ್ಲಿ ಕಾರಿನಲ್ಲಿರುವ, ಗಡಿಯಾರದಂಥ ಪಾರ್ಕಿಂಗ್ ಡಿಸ್ಕಿನ ಮುಳ್ಳನ್ನು ನೀವು ಬಂದ ಹೊತ್ತಿಗೆ ತಿರುಗಿಸಿ, ಮುಂದಿನ ಗಾಜಿನಡಿ ಕಾಣುವಂತೆ ಇಡಬೇಕು.

ಇನ್ನು ವೈನ್. ಕಾರು ಓಡಿಸುವವರಿಗೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೊಹಾಲ್ ಮಿತಿ. ಲೈಸೆನ್ಸ್ ಸಿಕ್ಕು 3 ವರ್ಷ ಆಗದವರಿಗೆ ಸೊನ್ನೆ. ರುಚಿ ನೋಡುವ ಕಡೆ ಒಂದರ ಹಿಂದೊಂದು ಲೋಟ ಬರುತ್ತದೆ, ಎಣಿಕೆ ಸಿಗುವುದಿಲ್ಲ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಅದನ್ನು ಬಳಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೂ ಬೆಟ್ಟದ ತಿರುವುಗಳಲ್ಲಿ ಓಡಿಸುವವರು ಮುಟ್ಟದಿರುವುದೇ ಸರಿ. ಬಾಟಲಿ ಕೊಂಡು ರಾತ್ರಿ ವಸತಿಯಲ್ಲಿ ಕುಡಿಯಲಿ. ಮೊಂಟಾಲ್ಚಿನೊ ಊರಿನ ಬ್ರುನೆಲ್ಲೊ ವೈನ್ ಪೂರ್ತಿ ಸಾಂಜೊವೇಸೆ ದ್ರಾಕ್ಷಿಯದು, ಕೊಯ್ಲಾದ ನಂತರದ ಐದನೇ ವರ್ಷದ ಜನವರಿಗೆ ಮುನ್ನ ಮಾರುಕಟ್ಟೆಗೆ ಬರುವಂತಿಲ್ಲ. ಇಂಥದ್ದನ್ನು ಗಡಿಬಿಡಿಯಲ್ಲಿ ಸವಿಯುವುದರಲ್ಲಿ ಅರ್ಥವಿಲ್ಲ. ಮಕ್ಕಳಿದ್ದರೆ ದಿನಕ್ಕೊಂದು ವೈನರಿ ಸಾಕು, ಅದನ್ನೂ ಮೊದಲೇ ಕಾದಿರಿಸಿ. ಸೆಪ್ಟೆಂಬರ್ ಕೊಯ್ಲಿನ ಕಾಲ, ರಸ್ತೆ ತುಂಬ ಟ್ರ್ಯಾಕ್ಟರ್.

ಪಿಯೆಂಜಾದಿಂದ ಮೊಂಟೆಪುಲ್ಚಾನೊಗೆ 14 ಕಿ.ಮೀ. ಅಷ್ಟೇ, ಆದರೆ ಎಲ್ಲ ಕಡೆ ಕಿಲೋಮೀಟರ್ ನಂಬಿ ದಿನದ ಲೆಕ್ಕ ಹಾಕಬೇಡಿ. ನಕ್ಷೆ ತೋರಿಸುವ ಹತ್ತಿರದ ದಾರಿ ಎಷ್ಟೋ ಸಲ ಬಿಳಿ ಜಲ್ಲಿ ರಸ್ತೆ. ಅಲ್ಲಿ ಟೈರ್, ಕಾರಿನ ತಳ ಹಾಳಾದರೆ ಸಾಮಾನ್ಯ ಬಾಡಿಗೆ ವಿಮೆ ಅದನ್ನು ಭರಿಸುವುದು ಕಡಿಮೆ. ಪಂಪ್‌ನಲ್ಲಿ 'ಗಾಸೋಲಿಯೊ' ಡೀಸೆಲ್, 'ಬೆಂಜಿನಾ' ಪೆಟ್ರೋಲ್.

ಊಟದ ವಿಷಯ. ಹೆಚ್ಚಿನ ಹೋಟೆಲ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ರಾತ್ರಿ ಏಳೂವರೆಗೆ. ಸಸ್ಯಾಹಾರಿಗಳಿಗೆ ಟೊಮೆಟೊ, ಬೆಳ್ಳುಳ್ಳಿಯ 'ಪಿಚಿ ಆಲ್ಯೋನೆ' ಪಾಸ್ತಾ, ಬ್ರೆಡ್ಡನ್ನು ಟೊಮೆಟೊದಲ್ಲಿ ಬೇಯಿಸಿದ 'ಪಾಪ್ಪಾ ಆಲ್ ಪೊಮೊದೋರೊ' ಚೆನ್ನಾಗಿ ಒಗ್ಗುತ್ತವೆ. ಅದಕ್ಕೆ ಹಾಕಿದ ಸಾರು ಮಾಂಸದ್ದೋ ಎಂದು ಕೇಳಿಯೇ ತಿನ್ನಿ. 'ಕ್ರೊಸ್ತೀನಿ' ಎಂಬ ಸುಟ್ಟ ಬ್ರೆಡ್ ಚೂರುಗಳ ಮೇಲಿನ ಕಂದು ಲೇಪ ಕೋಳಿಯ ಪಿತ್ತಜನಕಾಂಗದ್ದು. ಪೆಕೊರೀನೊ ಚೀಸ್‌ಗೆ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪು ಹಾಕುತ್ತಾರೆ, ಕಟ್ಟುನಿಟ್ಟಿನವರು ಬಿಡಬೇಕಾದೀತು.

150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. 4 ವರ್ಷದೊಳಗಿನವರಿಗೆ, ಮಗು ಕಾರಿನಲ್ಲೇ ಉಳಿದರೆ ಎಚ್ಚರಿಸುವ ಸಾಧನವೂ ಬೇಕು. ಕಾರು ಬುಕ್ ಮಾಡುವಾಗಲೇ ಎರಡನ್ನೂ ಕೇಳಿ, ಆಟೊಮ್ಯಾಟಿಕ್ ಗೇರ್ ಬೇಕಿದ್ದರೆ ಅದನ್ನೂ. ಅಲ್ಲಿ ಓಡಿಸುವುದು ರಸ್ತೆಯ ಬಲಕ್ಕೆ. ಭಾರತದ ಲೈಸೆನ್ಸ್ ಜತೆಗೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇರಲೇಬೇಕು. ಅದನ್ನು ಇಟಲಿಯಲ್ಲಿ ಕೊಡುವುದಿಲ್ಲ. ಹೊರಡುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮಾಡಿಸಿಕೊಳ್ಳಬೇಕು.

– ಓದುಗರೊಬ್ಬರು, ಬೆಂಗಳೂರು