ಮೆಲ್ರೋಸಿನ ಕಲ್ಲು ನೋಡಿ ಬಂದ ಮಗಳಿಗೆ

ಪುಟ್ಟಿ,

ಮೆಲ್ರೋಸ್ ಮಠದಿಂದ ನೀನು ಕಳಿಸಿದ ಫೋಟೋ ನೋಡಿದೆ. ಹುಲ್ಲಿನ ಮಧ್ಯೆ ದುಂಡನೆಯ ಕಲ್ಲು, ಅದರ ಮೇಲೆ ಕೆತ್ತಿದ ಹೃದಯ. ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ರಾಜನ ಹೃದಯ ಕೆಳಗಿದೆಯಂತೆ ಅಂತ ಬರೆದಿದ್ದೆ. ಅಮ್ಮನಿಗೆ ತೋರಿಸಿದರೆ, "ಅವನ ಸಮಾಧಿ ಡನ್‌ಫರ್ಮ್‌ಲಿನ್‌ನಲ್ಲಿ ಅಂತ ಹೋದ ತಿಂಗಳು ಹೇಳಿದ್ದಳಲ್ಲ, ಹೃದಯ ಯಾಕೆ ಇಲ್ಲಿಗೆ ಬಂತು?" ಅಂತ ಹಿಡಿದುಕೊಂಡಳು. ಅದನ್ನು ಹೇಳಬೇಕಾದರೆ ಬ್ರೂಸ್‌ನ ಬಂಟ ಜೇಮ್ಸ್ ಡಗ್ಲಾಸ್‌ನ ಕಥೆ ಹೇಳಬೇಕು.

ಮೂವತ್ತು ವರ್ಷ ಸರ್ವೆ ಆಫೀಸಿನಲ್ಲಿ ಕೂತವನು ನಾನು. ಹಾಗಾಗಿ ನನ್ನ ಪಾಲಿಗೆ ಇವನ ಕಥೆ ಶುರುವಾಗುವುದು ಕತ್ತಿಯಿಂದಲ್ಲ, ಜಮೀನಿನಿಂದ. ಅಪ್ಪ ವಿಲಿಯಂ ಡಗ್ಲಾಸ್ ಇಂಗ್ಲೆಂಡಿನ ರಾಜ ಮೊದಲನೇ ಎಡ್ವರ್ಡ್‌ನ ವಿರುದ್ಧ ನಿಂತು, ಲಂಡನ್ ಟವರ್‌ನಲ್ಲಿ ಕೈದಿಯಾಗಿಯೇ ಸತ್ತ. ಊರು, ಕೋಟೆ, ಹೊಲ ಎಲ್ಲ ರಾಬರ್ಟ್ ಕ್ಲಿಫರ್ಡ್ ಅನ್ನುವವನ ಪಾಲಾಯಿತು. ಪ್ಯಾರಿಸ್‌ನಲ್ಲಿದ್ದ ಹುಡುಗ ವಾಪಸ್ ಬಂದಾಗ ಸೇಂಟ್ ಆಂಡ್ರೂಸ್‌ನ ಬಿಷಪ್ ಲ್ಯಾಂಬರ್ಟನ್ ಹತ್ತಿರ ಇಟ್ಟುಕೊಂಡರು. 1304ರಲ್ಲಿ ಸ್ಟರ್ಲಿಂಗ್‌ನಲ್ಲಿ ಅವನನ್ನು ಎಡ್ವರ್ಡ್ ಮುಂದೆ ನಿಲ್ಲಿಸಿ, ಇವನ ಜಮೀನು ಇವನಿಗೆ ಕೊಡಿ ಅಂತ ಕೇಳಿದರು. ಹುಡುಗನಿಗೆ ಆಗ ಹದಿನೆಂಟರ ಆಸುಪಾಸು. ಇವನಪ್ಪ ನನ್ನ ಶತ್ರು, ಬೇರೆ ಕಡೆ ನೋಡಿಕೊಳ್ಳಲಿ ಅಂದುಬಿಟ್ಟ ರಾಜ. ಅರ್ಜಿ ವಜಾ. ಖಾತೆ ಇನ್ನೊಬ್ಬರ ಹೆಸರಿಗೆ ಹೋದ ಮೇಲೆ ಮನುಷ್ಯ ಎಷ್ಟು ಬದಲಾಗುತ್ತಾನೆ ಅಂತ ನಾನು ಬಾಗಿಲಲ್ಲೇ ನಿಂತು ನೋಡಿದ್ದೇನೆ.

1306ರಲ್ಲಿ ಬ್ರೂಸ್ ಪಟ್ಟಕ್ಕೇರಲು ಹೊರಟಾಗ ಇವನೂ ಹೊರಟ. ಬಿಷಪ್ಪರು ತಮ್ಮ ಕುದುರೆಯನ್ನೇ ಕೊಟ್ಟರು, ಆದರೆ ಕದ್ದುಕೊಂಡು ಹೋದ ಹಾಗೆ ಕಾಣಬೇಕು ಅಂದರಂತೆ! ಇವನು ಅಡ್ಡ ಬಂದ ಕುದುರೆಯಾಳಿಗೆ ಒಂದು ಬಿಟ್ಟೇ ಹೋದ. ಪಾಪ ಆ ಆಳು. ಇದನ್ನೆಲ್ಲ ಬರೆದಿಟ್ಟವನು ಜಾನ್ ಬಾರ್ಬರ್ ಅನ್ನುವ ಕವಿ, ಡಗ್ಲಾಸ್ ಸತ್ತು ಸುಮಾರು ನಲವತ್ತೈದು ವರ್ಷದ ಮೇಲೆ. ಡಗ್ಲಾಸ್‌ಗೆ ಕಪ್ಪು ಕೂದಲು, ಮಾತಿನಲ್ಲಿ ಸ್ವಲ್ಪ ತೊದಲು, ಅದೂ ಅವನಿಗೆ ಚೆನ್ನಾಗಿ ಒಪ್ಪುತ್ತಿತ್ತು ಅಂತೆಲ್ಲ ಬರೆದಿದ್ದಾನೆ.

ನೀನು ಡಗ್ಲಾಸ್‌ನನ್ನು ಹೀರೋ ಅಂದೆಯಲ್ಲ, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 1307ರ ಸುಮಾರಿಗೆ, ಗರಿಗಳ ಭಾನುವಾರದ ದಿನ, ತನ್ನ ಊರಿನ ಕೋಟೆಯಲ್ಲಿದ್ದ ಇಂಗ್ಲಿಷ್ ಸಿಪಾಯಿಗಳು ಚರ್ಚಿಗೆ ಹೋಗಿದ್ದಾಗ ಇವನು ಜನ ಕಟ್ಟಿಕೊಂಡು ಅಲ್ಲೇ ಮೇಲೆ ಬಿದ್ದ. ಆಮೇಲೆ ಕೋಟೆಗೆ ಹೋಗಿ, ಅವರಿಗೆ ಅಂತ ಮಾಡಿಟ್ಟಿದ್ದ ಊಟವನ್ನು ಕೂತು ಉಂಡ. ಹಿಟ್ಟು, ಗೋಧಿ ಎಲ್ಲ ನೆಲಮಾಳಿಗೆಯಲ್ಲಿ ಸುರಿಸಿ, ದ್ರಾಕ್ಷಾರಸದ ಪೀಪಾಯಿ ಒಡೆಸಿ, ಸೆರೆಸಿಕ್ಕವರ ತಲೆಯನ್ನು ಅದರ ಮೇಲೇ ಕಡಿಸಿದ. ಬಾವಿಗೆ ಉಪ್ಪು ಮತ್ತು ಸತ್ತ ಕುದುರೆ ಹಾಕಿಸಿ ಕೋಟೆಗೆ ಬೆಂಕಿ ಕೊಟ್ಟ. ಯಾವ ಮನೆಗಾಗಿ ಅರ್ಜಿ ಹಾಕಿದ್ದನೋ ಅದೇ ಮನೆ! ಜನ ಅದನ್ನು 'ಡಗ್ಲಾಸನ ಉಗ್ರಾಣ' ಅಂತ ಕರೆದರು. ಸ್ಕಾಟ್ಲೆಂಡಿನವರಿಗೆ ಅವನು ಒಳ್ಳೆಯ ಜೇಮ್ಸ್, ಇಂಗ್ಲೆಂಡಿನವರಿಗೆ ಕರಿ ಡಗ್ಲಾಸ್. ನಾವು ನಿನಗೆ ಗುಮ್ಮ ಬಂತು ಅಂದ ಹಾಗೆ ಗಡಿಯ ಆಚೆ ತಾಯಂದಿರು ಮಕ್ಕಳಿಗೆ ಇವನ ಹೆಸರು ಹೇಳುತ್ತಿದ್ದರಂತೆ.

ನನಗೆ ಇಷ್ಟವಾದದ್ದು ಇಂಗ್ಲಿಷರ ಕೈಯಲ್ಲಿದ್ದ ರಾಕ್ಸ್‌ಬರೋ ಕೋಟೆ ಹಿಡಿದದ್ದು. 1314ರ ಫೆಬ್ರವರಿ, ಹಬ್ಬದ ರಾತ್ರಿ. ಡಗ್ಲಾಸ್ ಮತ್ತು ಅವನ ಜನ ಕಪ್ಪು ನಿಲುವಂಗಿ ಹೊದ್ದುಕೊಂಡು ಅಂಬೆಗಾಲಲ್ಲಿ ಬಂದರು. ಗೋಡೆ ಮೇಲಿದ್ದ ಕಾವಲಿನವರು, ಯಾರೋ ರೈತ ಕುಡಿದು ಮೈಮರೆತು ಎತ್ತುಗಳನ್ನು ಹೊರಗೇ ಬಿಟ್ಟಿದ್ದಾನೆ ಅಂತ ನಕ್ಕರು. ಅಷ್ಟರಲ್ಲಿ ಹಗ್ಗದ ಏಣಿ ಗೋಡೆಗೆ ಬಿದ್ದಿತ್ತು.

ಅದೇ ವರ್ಷ ಬ್ರೂಸ್ ಇಂಗ್ಲಿಷರನ್ನು ಸೋಲಿಸಿದ ಬ್ಯಾನಕ್‌ಬರ್ನ್ ಯುದ್ಧ ನಿನಗೆ ಗೊತ್ತೇ ಇದೆ, ಬಿಡು.

ಇನ್ನು ಅಮ್ಮನ ಪ್ರಶ್ನೆ. ಬ್ರೂಸ್‌ಗೆ ಧರ್ಮಯುದ್ಧಕ್ಕೆ, ಅಂದರೆ ಮುಸ್ಲಿಂ ರಾಜರ ಮೇಲೆ ಕ್ರೈಸ್ತರು ಮಾಡುತ್ತಿದ್ದ ಯುದ್ಧಕ್ಕೆ, ಹೋಗುವ ಹರಕೆಯಿತ್ತು, ತೀರಿಸಲಾಗಲಿಲ್ಲ. 1329ರ ಜೂನ್‌ನಲ್ಲಿ ಸಾಯುವ ಮುಂಚೆ, ನಾನಂತೂ ಹೋಗಲಿಲ್ಲ, ನನ್ನ ಹೃದಯವಾದರೂ ಹೋಗಲಿ ಅಂದ. ಡಗ್ಲಾಸ್ ಅದನ್ನು ಬೆಳ್ಳಿ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಸ್ಪೇನಿಗೆ ಹೋದ. ಅಲ್ಲಿ ಮುಖದ ತುಂಬ ಗಾಯದ ಕಲೆಯಿದ್ದ ಒಬ್ಬ ವೀರ, ಇಷ್ಟು ಹೆಸರು ಮಾಡಿದವನ ಮುಖದ ಮೇಲೆ ಒಂದು ಗೀರೂ ಇಲ್ಲವಲ್ಲ ಅಂತ ಬೆರಗಾದನಂತೆ. ದೇವರ ದಯೆ, ಮುಖ ಕಾಯೋಕೆ ನನಗೆ ಕೈಗಳಿದ್ದವು ಅಂದ ಡಗ್ಲಾಸ್.

1330ರ ಆಗಸ್ಟ್‌ನಲ್ಲಿ ತೇಬಾ ಎಂಬಲ್ಲಿ, ಮುಸ್ಲಿಂ ರಾಜ್ಯವಾಗಿದ್ದ ಗ್ರಾನಡಾದ ಸೈನ್ಯದ ಜೊತೆ ಕಾಳಗ. ಓಡುವವರ ಬೆನ್ನು ಹತ್ತಿ ತೀರಾ ಮುಂದೆ ಹೋಗಿದ್ದ. ಶತ್ರುಗಳ ನಡುವೆ ಸಿಕ್ಕಿಬಿದ್ದ ಜೊತೆಗಾರ ವಿಲಿಯಂ ಸಿಂಕ್ಲೇರ್‌ನನ್ನು ಬಿಡಿಸಲು ತಿರುಗಿದ, ಅಲ್ಲೇ ಸತ್ತ. ಹೃದಯದ ಡಬ್ಬಿಯನ್ನು ಶತ್ರುಗಳತ್ತ ಎಸೆದು ನುಗ್ಗಿದ ಅಂತ ಗೈಡ್‌ಗಳು ಹೇಳುತ್ತಾರಲ್ಲ, ಅದು ಆಮೇಲೆ ಸೇರಿಸಿದ್ದು, ಸುಮ್ನೆ. ಕೈ ಮುರಿದುಕೊಂಡು ಯುದ್ಧಕ್ಕೆ ಹೋಗದೆ ಉಳಿದಿದ್ದ ವಿಲಿಯಂ ಕೀತ್, ರಾಜನ ಹೃದಯವನ್ನೂ ಡಗ್ಲಾಸ್‌ನ ಮೂಳೆಗಳನ್ನೂ ಊರಿಗೆ ತಂದ. ಹೃದಯ ಮೆಲ್ರೋಸಿಗೆ ಹೋಯಿತು.

1996ರಲ್ಲಿ ಅಲ್ಲಿ ಅಗೆದಾಗ ಸೀಸದ ಡಬ್ಬಿಯೊಂದು ಸಿಕ್ಕಿತು. ಅದರೊಳಗೆ ಇನ್ನೊಂದು ಚಿಕ್ಕ ಡಬ್ಬಿ. ಅದನ್ನು ತೆರೆಯದೆ 1998ರಲ್ಲಿ ಮತ್ತೆ ಮಣ್ಣಿಗಿಟ್ಟರು. ಅಮ್ಮನಿಗೆ ಇದು ಸರಿಹೋಗಲಿಲ್ಲ, "ಒಂದು ಸಲ ನೋಡಬಾರದಿತ್ತಾ?" ಅಂತಾಳೆ.

ಡಗ್ಲಾಸ್‌ನ ಮೂಳೆಗಳು ಅವನ ಊರಿನ ಸೇಂಟ್ ಬ್ರೈಡ್ ಚರ್ಚಿನಲ್ಲಿವೆ. ಸಿಪಾಯಿಗಳ ಮೇಲೆ ಬಿದ್ದನಲ್ಲ, ಆ ಚರ್ಚೇ. ಗೋರಿಯ ಮೇಲೆ ಅವನ ಕಲ್ಲಿನ ಪ್ರತಿಮೆಯಿದೆ. ರಜೆಯಲ್ಲಿ ಆ ಕಡೆ ಹೋದರೆ ಮುಖದ್ದೊಂದು ಫೋಟೋ ಹತ್ತಿರದಿಂದ ತೆಗಿ. ಮಳೆ ಕೋಟು ಮರೀಬೇಡ.

ನಿನ್ನ,
ಅಪ್ಪ